ಹಳೇದೇ ಚೆನ್ನಾಗಿತ್ತು ಅನ್ನುವ ಮುಂಚೆ

ಗೊತ್ತಿರುವ ಕತೆಯೊಂದು ಮತ್ತೆ ತೆರೆಗೆ ಬರುತ್ತಿದೆ ಅಂದರೆ ಸಾಕು, ಟ್ರೇಲರ್ ಬಿಟ್ಟ ಅರ್ಧ ಗಂಟೆಯಲ್ಲೇ ತೀರ್ಪು ಹೊರಬಿದ್ದಿರುತ್ತದೆ. ಹಳೇದೇ ಚೆನ್ನಾಗಿತ್ತು, ಇವರು ಮೂಲಕತೆಯನ್ನೇ ಕೆಡಿಸಿದ್ದಾರೆ ಅಂತ. ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಇವು ಎರಡು ಬೇರೆ ಬೇರೆ ದೂರುಗಳು. ಹಳೆಯ ಸಿನಿಮಾ ಬೇರೆ, ಮೂಲಕತೆ ಬೇರೆ. ಎಷ್ಟೋ ಸಲ ಮೂಲವನ್ನು ಜಾಸ್ತಿ ಬದಲಾಯಿಸಿದ್ದು ನಾವು ತಲೆ ಮೇಲೆ ಹೊತ್ತುಕೊಂಡು ಮೆರೆಸುವ ಆ ಹಳೆಯ ಸಿನಿಮಾನೇ ಆಗಿರುತ್ತದೆ.

ಫ್ರಾಂಕೆನ್‌ಸ್ಟೈನ್ ಅಂದ ಕೂಡಲೇ ಕಣ್ಣ ಮುಂದೆ ಏನು ಬರುತ್ತದೆ ನೋಡಿ. ಚಪ್ಪಟೆ ತಲೆ, ಕತ್ತಿನ ಎರಡೂ ಬದಿಗೆ ಬೋಲ್ಟು, ಮಾತು ಬಾರದೆ ಗುರುಗುಟ್ಟುವ ದೈತ್ಯ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿನ ಜೀವಿ ಒಂದು ಮನೆಯ ಪಕ್ಕದಲ್ಲಿ ಅಡಗಿ ಕೂತು, ಒಳಗಿನವರ ಮಾತು ಕೇಳಿಸಿಕೊಂಡೇ ಭಾಷೆ ಕಲಿಯುತ್ತದೆ, ಮಿಲ್ಟನ್‌ನ ಕಾವ್ಯ ಓದುತ್ತದೆ, ತನ್ನನ್ನು ಹುಟ್ಟಿಸಿದವನ ಎದುರು ನಿಂತು ನ್ಯಾಯ ಕೇಳುತ್ತದೆ. ಬೋಲ್ಟು ಮತ್ತು ಚಪ್ಪಟೆ ತಲೆ 1931ರ ಜೇಮ್ಸ್ ವೇಲ್ ಚಿತ್ರಕ್ಕಾಗಿ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಮಾಡಿದ ಕೆಲಸ. ಸಾಲದ್ದಕ್ಕೆ ಆ ಚಿತ್ರ ಕೂಡ ನೇರವಾಗಿ ಕಾದಂಬರಿಯಿಂದ ಬಂದಿದ್ದಲ್ಲ, ನಡುವೆ ಒಂದು ನಾಟಕ ಇತ್ತು. 2025ರಲ್ಲಿ ಗಿಯೆರ್ಮೊ ಡೆಲ್ ಟೊರೊ ಆ ಜೀವಿಗೆ ಮಾತು ಕೊಟ್ಟು, ಅರ್ಧ ಕತೆಯನ್ನು ಅದರ ಬಾಯಿಂದಲೇ ಹೇಳಿಸಿದಾಗ ಇದೇನೋ ಹೊಸ ಪ್ರಯೋಗ ಅನ್ನಿಸಬಹುದು. ಅಸಲಿಗೆ ಅವರು ಇನ್ನೂರು ವರ್ಷ ಹಿಂದಕ್ಕೆ ಹೋಗಿದ್ದರು, ಅಷ್ಟೇ.

ಡ್ರಾಕುಲಾನದ್ದೂ ಇದೇ ಪಾಡು. ಬಿಸಿಲು ತಾಗಿದರೆ ರಕ್ತಪಿಶಾಚಿ ಸುಟ್ಟುಹೋಗುತ್ತದೆ ಅನ್ನುವುದು ಈಗ ಮಕ್ಕಳಿಗೂ ಗೊತ್ತಿರುವ ನಿಯಮ. ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲು ಹೊತ್ತಿನಲ್ಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ, ಹಗಲಲ್ಲಿ ಶಕ್ತಿ ಕಡಿಮೆ ಇರುತ್ತದೆ ಅನ್ನುವುದು ಬಿಟ್ಟರೆ ಬಿಸಿಲು ಅವನಿಗೇನೂ ಮಾಡುವುದಿಲ್ಲ. ಬಿಸಿಲಿಗೆ ಸಾಯಿಸಿದ್ದು 1922ರ ಜರ್ಮನ್ ಮೂಕಿಚಿತ್ರ ನೊಸ್ಫೆರಾಟು. ಅದು ಅನುಮತಿಯನ್ನೇ ಪಡೆಯದೆ, ಹೆಸರುಗಳನ್ನು ಬದಲಾಯಿಸಿ ಮಾಡಿದ ಸಿನಿಮಾ. ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋಗಿ ಗೆದ್ದರು, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವೂ ಆಯಿತು, ಆದರೂ ಕೆಲವು ಪ್ರತಿ ಉಳಿದುಕೊಂಡವು. ಕದ್ದ ಸಿನಿಮಾದ ಒಂದು ಐಡಿಯಾ ಕೊನೆಗೆ ಮೂಲಕತೆಯ ನಿಯಮವಾಗಿಯೇ ಕೂತುಬಿಟ್ಟಿತು ನೋಡಿ!

ಇದು ನಮಗೆ ಅಪರಿಚಿತವಾದ ಸಂಗತಿಯೇನಲ್ಲ. ಲಕ್ಷ್ಮಣರೇಖೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಆದರೆ ರೇಖೆ ಇಲ್ಲದ ಸೀತಾಪಹರಣವನ್ನು ಇವತ್ತು ಯಾರಾದರೂ ತೆರೆಗೆ ತಂದರೆ, ಮೂಲಕ್ಕೆ ಅಪಚಾರ ಮಾಡಿದ್ದಾರೆ ಅಂತ ಬೈಯುವವರೇ ಜಾಸ್ತಿ ಇರುತ್ತಾರೆ. 1987ರಲ್ಲಿ ದೂರದರ್ಶನದಲ್ಲಿ ಬಂದ ರಮಾನಂದ ಸಾಗರ್ ಅವರ ಧಾರಾವಾಹಿ, 2020ರ ಲಾಕ್‌ಡೌನಿನಲ್ಲಿ ಮತ್ತೆ ಪ್ರಸಾರವಾದಾಗ, ಅದನ್ನು ಹಿಂದೆ ನೋಡದ ತಲೆಮಾರಿಗೂ ಅದೇ ಮೂಲವಾಯಿತು. ಇನ್ನು ಪಂಪನನ್ನೇ ತೆಗೆದುಕೊಳ್ಳಿ. ಹತ್ತನೆಯ ಶತಮಾನದಲ್ಲಿ ಮಹಾಭಾರತ ಬರೆಯುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿಬಿಟ್ಟ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ಹೇಳಬೇಕಿತ್ತು, ಅದಕ್ಕೆ ಕತೆ ಜಾಗ ಮಾಡಿಕೊಟ್ಟಿತು. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಅಂತ ಕುಮಾರವ್ಯಾಸ ತಮಾಷೆ ಮಾಡಿದ್ದು ಅಂಥವರು ಎಷ್ಟು ಜನ ಇದ್ದರು ಅನ್ನುವುದಕ್ಕೆ. ಹಾಗಂತ ಬದಲಾಯಿಸಿದವರೆಲ್ಲ ಪಂಪ ಆಗುವುದಿಲ್ಲ, ಬಿಡಿ. 2023ರ ಆದಿಪುರುಷ್‌ನಲ್ಲಿ ಹನುಮಂತನ ಬಾಯಿಗೆ ಬೀದಿಜಗಳದ ಮಾತು ಕೊಟ್ಟು, ಜನ ಉಗಿದ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸಂಭಾಷಣೆ ತಿದ್ದಬೇಕಾಯಿತು.

ಹಾಗಾದರೆ ಹೊಸದನ್ನೂ ಹಳೆಯದನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಹೇಗೆ? ನನ್ನ ಪ್ರಕಾರ ಎಷ್ಟು ಬದಲಾಯಿಸಿದ್ದಾರೆ ಅಂತ ಎಣಿಸುವುದು ದಂಡ. ಎಲ್ಲಿ ಬದಲಾಯಿಸಿದ್ದಾರೆ, ಅಲ್ಲಿ ಅವರ ಕೈ ಕಟ್ಟಿದ್ದು ಏನು, ಬದಲಾಯಿಸಿ ಪಡೆದದ್ದು ಏನು, ಇದನ್ನು ನೋಡಬೇಕು. ಕೆಲವು ಬದಲಾವಣೆಗಳ ಹಿಂದೆ ಕಲೆಯೂ ಇರುವುದಿಲ್ಲ, ಮಣ್ಣೂ ಇರುವುದಿಲ್ಲ. ಬರೀ ಕಾನೂನು. ಫ್ರಾಂಕ್ ಬಾಮ್ 1900ರಲ್ಲಿ ಬರೆದ, ಆಝ್ ಅನ್ನುವ ಮಾಯಾಲೋಕದ ಕತೆಯಲ್ಲಿ ಡೊರೊತಿ ಅನ್ನುವ ಹುಡುಗಿಯ ಚಪ್ಪಲಿ ಬೆಳ್ಳಿಯದು. 1939ರ ಸಿನಿಮಾದಲ್ಲಿ ಅದು ಕೆಂಪಾಯಿತು, ಆಗಿನ ಟೆಕ್ನಿಕಲರ್‌ನಲ್ಲಿ ಕೆಂಪು ಎದ್ದು ಕಾಣುತ್ತದೆ ಅಂತ. ಪುಸ್ತಕದ ಹಕ್ಕು ಅವಧಿ ಮುಗಿದು ಎಲ್ಲರದಾದರೂ ಕೆಂಪು ಚಪ್ಪಲಿ ಸ್ಟುಡಿಯೋದ ಸ್ವತ್ತು. ಹಾಗಾಗಿ 1985ರಲ್ಲಿ ಡಿಸ್ನಿ ಇದೇ ಲೋಕದ ಮೇಲೆ ಸಿನಿಮಾ ಮಾಡಿದಾಗ ಆ ಚಪ್ಪಲಿ ತೋರಿಸುವುದಕ್ಕೆ ದುಡ್ಡು ಕೊಡಬೇಕಾಯಿತು. ನಾವು ಮೂಲ ಕೃತಿಗೆ ಮರಳಿದ್ದೇವೆ ಅಂತ ಹೊಸ ಚಿತ್ರದವರು ಹೆಮ್ಮೆಯಿಂದ ಹೇಳಿಕೊಂಡಾಗ, ಮಧ್ಯದ ಸಿನಿಮಾವನ್ನು ಮುಟ್ಟುವ ಹಕ್ಕು ಇವರಿಗೆ ಇತ್ತಾ ಅಂತ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಕಾನೂನಿಗಿಂತ ಬಿಗಿಯಾದ ಕಟ್ಟು ಸೆನ್ಸಾರಿನದು. ಇದಕ್ಕೆ ರೆಬೆಕಾಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಡಾಫ್ನೆ ಡು ಮೊರಿಯೇ 1938ರಲ್ಲಿ ಬರೆದ ಕಾದಂಬರಿಯಲ್ಲಿ ಮ್ಯಾಕ್ಸಿಮ್ ತನ್ನ ಮೊದಲ ಹೆಂಡತಿ ರೆಬೆಕಾಳನ್ನು ಗುಂಡಿಟ್ಟು ಕೊಂದಿರುತ್ತಾನೆ, ಶಿಕ್ಷೆಯಿಂದ ತಪ್ಪಿಸಿಕೊಳ್ಳುತ್ತಾನೆ, ಎರಡನೆಯ ಹೆಂಡತಿ ಅದನ್ನು ತಿಳಿದೂ ಅವನ ಜೊತೆ ನಿಲ್ಲುತ್ತಾಳೆ. ಕತೆಯ ವಿಷವೆಲ್ಲ ಇರುವುದು ಅಲ್ಲೇ. ಹಿಚ್‌ಕಾಕ್ 1940ರಲ್ಲಿ ಇದನ್ನು ಸಿನಿಮಾ ಮಾಡುವಾಗ ಪುಸ್ತಕ ಹೇಗಿದೆಯೋ ಹಾಗೇ ತರಬೇಕು ಅಂತ ಹಟ ಹಿಡಿದಿದ್ದು ನಿರ್ಮಾಪಕ ಸೆಲ್ಜ್‌ನಿಕ್. ಆದರೆ ಹಾಲಿವುಡ್‌ನಲ್ಲಿ 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಸಂಹಿತೆಯ ಪ್ರಕಾರ ಹೆಂಡತಿಯನ್ನು ಕೊಂದವನು ಶಿಕ್ಷೆ ಇಲ್ಲದೆ ಬಚಾವಾಗುವ ಹಾಗಿಲ್ಲ. ಹಾಗಾಗಿ ಸಿನಿಮಾದಲ್ಲಿ ರೆಬೆಕಾ ಎಡವಿ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಕೊಲೆ ಹೋಗಿ ಅಪಘಾತ ಆಯಿತು. ಕಾದಂಬರಿಯ ಬೆನ್ನುಮೂಳೆಯನ್ನೇ ತೆಗೆದ ಹಾಗೆ, ಅಲ್ವಾ?

ಆದರೂ ಆ ದೃಶ್ಯ ನೋಡಿ. ಕಡಲ ದಂಡೆಯ ಮನೆಯಲ್ಲಿ ಮ್ಯಾಕ್ಸಿಮ್ ಅವತ್ತು ನಡೆದದ್ದನ್ನು ಹೇಳುತ್ತಾ ಹೋಗುತ್ತಾನೆ. ಇವತ್ತಿನ ಯಾರೇ ಆದರೂ ಸುಮ್ನೆ ಫ್ಲ್ಯಾಶ್‌ಬ್ಯಾಕ್ ಹಾಕಿ, ರೆಬೆಕಾ ಪಾತ್ರಕ್ಕೆ ಒಬ್ಬ ಸುಂದರಿಯನ್ನು ತಂದು ನಿಲ್ಲಿಸುತ್ತಿದ್ದರು. ಹಿಚ್‌ಕಾಕ್ ಏನು ಮಾಡಿದ ಅಂದರೆ, ಅವನ ಮಾತಿಗೆ ತಕ್ಕ ಹಾಗೆ ಕ್ಯಾಮೆರಾವನ್ನು ಖಾಲಿ ಕೋಣೆಯಲ್ಲಿ ಚಲಿಸಿದ. ಅವಳು ಸೋಫಾ ಮೇಲೆ ಕೂತಿದ್ದಳು ಅಂದಾಗ ಖಾಲಿ ಸೋಫಾ, ಎದ್ದಳು ಅಂದಾಗ ಕ್ಯಾಮೆರಾ ಏಳುತ್ತದೆ, ನನ್ನ ಕಡೆ ನಡೆದು ಬಂದಳು ಅಂದಾಗ ಅದೂ ನಡೆಯುತ್ತದೆ. ಯಾರೂ ಇಲ್ಲದ ಜಾಗದಲ್ಲಿ ಅವಳು ಇದ್ದಾಳೆ. ಇಡೀ ಚಿತ್ರದಲ್ಲಿ ರೆಬೆಕಾಳ ಮುಖ ಒಂದು ಸಲವೂ ಕಾಣುವುದಿಲ್ಲ. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಹೊಸ ರೆಬೆಕಾ ಈ ವಿಷಯದಲ್ಲಿ ಪುಸ್ತಕಕ್ಕೆ ನಿಷ್ಠ. ಸಂಹಿತೆ ಹೋಗಿ ದಶಕಗಳಾಗಿವೆ, ಮ್ಯಾಕ್ಸಿಮ್ ಗುಂಡು ಹಾರಿಸಿಯೇ ಕೊಂದ ಅಂತ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಘಟನೆ ವಾಪಸ್ ಬಂತು, ಭಯ ಬರಲಿಲ್ಲ. ಬಣ್ಣ ಬಣ್ಣದ ಬಿಸಿಲು, ಚೆಂದದ ಬಟ್ಟೆ, ಜಾಹೀರಾತಿನ ಹಾಗೆ ಹೊಳೆಯುವ ಮನೆ. ಕತೆಗೆ ನಿಷ್ಠವಾಗಿರುವುದೂ ಒಳ್ಳೆಯ ಸಿನಿಮಾ ಆಗುವುದೂ ಎರಡು ಬೇರೆ ಲೆಕ್ಕ ಅನ್ನುವುದು ಈ ಎರಡನ್ನು ಒಂದರ ಹಿಂದೆ ಒಂದು ನೋಡಿದರೆ ಗೊತ್ತಾಗುತ್ತದೆ.

ನಿಷ್ಠೆಯ ಹುಚ್ಚು ತುದಿಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಪ್ರಯೋಗ ಆಗಿದೆ. ಹಿಚ್‌ಕಾಕ್‌ನದೇ 1960ರ ಸೈಕೋವನ್ನು ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ಹೆಚ್ಚುಕಡಿಮೆ ಶಾಟಿಗೆ ಶಾಟ್ ನಕಲು ಮಾಡಿದ, ಬಣ್ಣದಲ್ಲಿ. ಅದೇ ಚಿತ್ರಕತೆ, ಅದೇ ಸಂಗೀತ. ಸಿನಿಮಾ ಮಕಾಡೆ ಮಲಗಿತು. ಯಾಕೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸ್ನಾನದ ಮನೆಯಲ್ಲಿ ನಾಯಕಿಯ ಕೊಲೆಯಾಗುತ್ತದೆ ಅಂತ ಅಷ್ಟು ಹೊತ್ತಿಗೆ ಇಡೀ ಜಗತ್ತಿಗೇ ಗೊತ್ತಿತ್ತು. 2019ರ ಲಯನ್ ಕಿಂಗ್‌ನದ್ದು ಇನ್ನೊಂದು ಥರದ ಎಡವಟ್ಟು. 1994ರ ಕತೆಯನ್ನೇ ನಿಜವಾದ ಸಿಂಹಗಳ ಹಾಗೆ ಕಾಣುವ ಪ್ರಾಣಿಗಳ ಮೂಲಕ ಹೇಳಿದರು. ಕೂದಲು ಕೂದಲೂ ಅಚ್ಚುಕಟ್ಟು. ಆದರೆ ನಿಜವಾದ ಸಿಂಹಕ್ಕೆ ಅಳುವ ಮುಖ ಇಲ್ಲ, ಚಿತ್ರ ಬರೆದ ಸಿಂಹಕ್ಕೆ ಇತ್ತು.

ಉದ್ದದ ಲೆಕ್ಕ ಬೇರೆ. ಎರಡು ಗಂಟೆಯಲ್ಲಿ ದಪ್ಪ ಕಾದಂಬರಿ ಹಿಡಿಸುವುದಿಲ್ಲ, ಅದಕ್ಕೇ ಈಗ ಎಲ್ಲರೂ ಸೀರೀಸ್ ಅನ್ನುತ್ತಾರೆ. ಇದು ಅರ್ಧ ಸತ್ಯ. ಫ್ರಾಂಕ್ ಹರ್ಬರ್ಟ್‌ನ ಡ್ಯೂನ್ 1965ರ ಕಾದಂಬರಿ. ಅದನ್ನು ಡೇವಿಡ್ ಲಿಂಚ್ 1984ರಲ್ಲಿ 137 ನಿಮಿಷಕ್ಕೆ ಇಳಿಸಬೇಕಾಯಿತು. ಡೆನಿ ವಿಲ್ನೋವ್‌ಗೆ 2021 ಮತ್ತು 2024ರ ಎರಡು ಭಾಗ ಸೇರಿ ಐದು ಗಂಟೆಗೂ ಹೆಚ್ಚು ಸಿಕ್ಕಿತು. ಲಿಂಚ್ ಚಿತ್ರದಲ್ಲಿ ಪಾತ್ರಗಳು ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಪಿಸುಮಾತಾಗಿ ಕೇಳುತ್ತಿರುತ್ತದೆ. ನಗು ತರಿಸುತ್ತದೆ ನಿಜ, ಆದರೆ ಅದು ಪುಸ್ತಕಕ್ಕೆ ಹತ್ತಿರ, ಹರ್ಬರ್ಟ್ ಬರೆದದ್ದೇ ಹಾಗೆ. ವಿಲ್ನೋವ್ ಆ ಪಿಸುಮಾತನ್ನು ಹೆಚ್ಚುಕಡಿಮೆ ಪೂರ್ತಿ ಕಿತ್ತು ಹಾಕಿದ. ನಿಜವಾದ ವ್ಯತ್ಯಾಸ ಇರುವುದು ಕೊನೆಯಲ್ಲಿ. ಹರ್ಬರ್ಟ್‌ಗೆ ಕತೆಯ ನಾಯಕ ಪಾಲ್ ದೇವರಲ್ಲ, ದೇವರು ಅಂತ ಜನ ನಂಬಿಬಿಟ್ಟರೆ ಆಗುವ ಅನಾಹುತ. ಲಿಂಚ್ ಚಿತ್ರದ ಕೊನೆಗೆ ಪಾಲ್ ಮರುಭೂಮಿಗೆ ಮಳೆ ತರಿಸುತ್ತಾನೆ, ಅಂದರೆ ದೇವರೇ ಆಗಿಬಿಡುತ್ತಾನೆ. ವಿಲ್ನೋವ್ ಬೇರೆ ದಾರಿ ಹಿಡಿದ. ಪುಸ್ತಕದಲ್ಲಿ ಕೊನೆಯವರೆಗೂ ಪಾಲ್ ಜೊತೆ ಇರುವ ಪ್ರೇಯಸಿ ಚಾನಿಯನ್ನು ಅವನ ಮೇಲೆ ನಂಬಿಕೆ ಕಳೆದುಕೊಂಡು ಎದ್ದು ಹೋಗುವ ಹಾಗೆ ಮಾಡಿದ. ಇಬ್ಬರೂ ಪುಸ್ತಕ ಬಿಟ್ಟು ಹೋದರು. ಒಬ್ಬನ ಬದಲಾವಣೆ ಪುಸ್ತಕದ ಮಾತನ್ನು ತಿರುಗಿಸಿಬಿಟ್ಟಿತು, ಇನ್ನೊಬ್ಬನದು ಅದೇ ಮಾತನ್ನು ಗಟ್ಟಿ ದನಿಯಲ್ಲಿ ಹೇಳಿತು.

ಯಾರ ಕಣ್ಣಿಂದ ನೋಡುತ್ತೇವೆ ಅನ್ನುವುದು ಉದ್ದಕ್ಕಿಂತ ದೊಡ್ಡ ವಿಷಯ. ಶೋಗನ್ ಕತೆಯಲ್ಲಿ ಹದಿನೇಳನೆಯ ಶತಮಾನದ ಹೊಸ್ತಿಲಲ್ಲಿ ಇಂಗ್ಲಿಷ್ ನಾವಿಕನೊಬ್ಬ ಜಪಾನಿಗೆ ಬಂದು ಸಿಕ್ಕಿಬೀಳುತ್ತಾನೆ. 1980ರ ಅಮೆರಿಕನ್ ಧಾರಾವಾಹಿಯಲ್ಲಿ ಜಪಾನಿಗಳು ಜಪಾನಿ ಭಾಷೆಯಲ್ಲೇ ಮಾತಾಡುತ್ತಾರೆ, ಆದರೆ ಬಹುಪಾಲು ಕಡೆ ಸಬ್‌ಟೈಟಲ್ ಇಲ್ಲ. ನಾವಿಕನಿಗೆ ಅರ್ಥವಾಗದ್ದು ನೋಡುವವರಿಗೂ ಅರ್ಥವಾಗಬಾರದು ಅನ್ನುವ ಉಪಾಯ ಅದು. ಕತ್ತಲಲ್ಲಿ ಬಿಟ್ಟ ಹಾಗಾಗುತ್ತದೆ, ಒಳ್ಳೆಯ ಉಪಾಯವೇ. ಆದರೆ ಅದರ ಬೆಲೆ ಏನು ಅಂದರೆ, ತೊಶಿರೊ ಮಿಫುನೆಯಂಥ ಮಹಾನಟ ಕೂಡ ಬರೀ ಗಂಟಲ ದನಿಯಾಗಿ, ಹುಬ್ಬುಗಂಟಾಗಿ ಉಳಿಯುತ್ತಾನೆ. 2024ರ ಶೋಗನ್‌ನಲ್ಲಿ ಸಂಭಾಷಣೆಯ ಹೆಚ್ಚಿನ ಪಾಲು ಜಪಾನಿ, ಅದಕ್ಕೆಲ್ಲ ಸಬ್‌ಟೈಟಲ್ ಇದೆ. ಈಗ ನಮಗೆ ನಾವಿಕನಿಗಿಂತ ಜಾಸ್ತಿ ಗೊತ್ತಿರುತ್ತದೆ. ಅವನ ಎದುರೇ ಅವನ ಬಗ್ಗೆ ಏನು ಲೆಕ್ಕಾಚಾರ ನಡೆಯುತ್ತಿದೆ, ದುಭಾಷಿ ಮರಿಕೊ ಯಾವ ಮಾತನ್ನು ಬದಲಿಸಿ ಹೇಳಿದಳು, ಯಾವುದನ್ನು ನುಂಗಿದಳು, ಎಲ್ಲ ಕಾಣುತ್ತದೆ. ಕತೆಯ ಘಟನೆಗಳು ಹೆಚ್ಚುಕಡಿಮೆ ಅವೇ, ಆದರೆ ನಾಯಕ ಬದಲಾದ. ಸಬ್‌ಟೈಟಲ್ ಹಾಕುವುದಾ ಬೇಡವಾ ಅನ್ನುವ ಒಂದು ತೀರ್ಮಾನ ಇಷ್ಟೆಲ್ಲ ಮಾಡುತ್ತದೆ.

ದೇವದಾಸನಷ್ಟು ಸಲ ತೆರೆ ಮೇಲೆ ಸತ್ತವರು ಕಡಿಮೆ. ಶರತ್‌ಚಂದ್ರರ ಕಾದಂಬರಿ ಪ್ರಕಟವಾಗಿದ್ದು 1917ರಲ್ಲಿ. ಪ್ರಮಥೇಶ್ ಬರುವಾ ಬಂಗಾಳಿಯಲ್ಲಿ ಮಾಡಿ, ಸೈಗಲ್ ಅವರನ್ನು ಹಾಕಿ ಹಿಂದಿಯಲ್ಲೂ ಮಾಡಿದರು. ಆ ಹಿಂದಿ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಬಿಮಲ್ ರಾಯ್ 1955ರಲ್ಲಿ ದಿಲೀಪ್ ಕುಮಾರ್ ಜೊತೆ ತಮ್ಮದೇ ದೇವದಾಸ್ ತಂದರು. 2002ರಲ್ಲಿ ಬನ್ಸಾಲಿ, 2009ರಲ್ಲಿ ಅನುರಾಗ್ ಕಶ್ಯಪ್‌ರ ದೇವ್ ಡಿ. ಇವುಗಳನ್ನು ಹೋಲಿಸುವುದಕ್ಕೆ ಒಂದೇ ಜಾಗ ಸಾಕು. ದೇವದಾಸನ ಬಾಲ್ಯದ ಗೆಳತಿ ಪಾರೋ ಮತ್ತು ಅವನನ್ನು ಪ್ರೀತಿಸುವ ನರ್ತಕಿ ಚಂದ್ರಮುಖಿ ಭೇಟಿಯಾಗುತ್ತಾರಾ? ಕಾದಂಬರಿಯಲ್ಲಿ ಇಲ್ಲ. ಬಿಮಲ್ ರಾಯ್ ಅವರಿಬ್ಬರನ್ನೂ ಒಂದು ದಾರಿಯಲ್ಲಿ ಎದುರುಬದುರಾಗಿಸುತ್ತಾರೆ. ಒಬ್ಬಳು ಪಲ್ಲಕ್ಕಿಯಲ್ಲಿ, ಇನ್ನೊಬ್ಬಳು ನಡೆದುಕೊಂಡು. ಒಂದು ನೋಟ, ಮಾತಿಲ್ಲ, ದಾಟಿ ಹೋಗುತ್ತಾರೆ. ಇಬ್ಬರಿಗೂ ಇನ್ನೊಬ್ಬಳು ಯಾರು ಅಂತ ಗೊತ್ತಿಲ್ಲ, ಗೊತ್ತಿರುವುದು ನಮಗೆ ಮಾತ್ರ. ಬನ್ಸಾಲಿ ಇಬ್ಬರನ್ನೂ ಒಂದೇ ಅಂಗಳಕ್ಕೆ ಕರೆತಂದು ಜೋಡಿಯಾಗಿ ಕುಣಿಸಿಬಿಟ್ಟರು.

ಬನ್ಸಾಲಿ ಮಾಡಿದ್ದು ದ್ರೋಹ ಅಂತ ಆಗಲೂ ಗೊಣಗಿದವರಿದ್ದರು, ಈಗಲೂ ಇದ್ದಾರೆ. ನನಗೆ ಆ ಸಿನಿಮಾದ ಗದ್ದಲ ಅಷ್ಟು ಹಿಡಿಸುವುದಿಲ್ಲ, ಆದರೆ ಈ ದೂರನ್ನು ಒಪ್ಪಲಾರೆ. ಬಿಮಲ್ ರಾಯ್ ಕೂಡ ಇಲ್ಲದ ಭೇಟಿಯನ್ನು ಇಟ್ಟವರೇ. ಅವರ ಭೇಟಿ ಇಬ್ಬರ ನಡುವಿನ ದೂರವನ್ನು ತೋರಿಸುತ್ತದೆ, ಬನ್ಸಾಲಿಯದು ಆ ದೂರವನ್ನು ಅಳಿಸುತ್ತದೆ. ದೂರ ಅಳಿಸಿದ ಮೇಲೆ ಮನೆತನ, ಮರ್ಯಾದೆ ಅಂತ ಕತೆಯಲ್ಲಿ ಕಾಡುವ ಗೋಡೆಗಳೆಲ್ಲ ಒಂದು ಹಾಡಿಗೆ ಕರಗುವಷ್ಟು ತೆಳ್ಳಗೆ ಕಾಣತೊಡಗುತ್ತವೆ. ತೊಂದರೆ ಇರುವುದು ಅಲ್ಲಿ, ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿದ್ದರಲ್ಲಿ ಅಲ್ಲ. ಕಶ್ಯಪ್ ಅಂತೂ ದೇವದಾಸನನ್ನು ಸಾಯಿಸುವುದೇ ಇಲ್ಲ. ಕುಡಿದು ಸಾಯುವುದರಲ್ಲಿ ಏನು ದೊಡ್ಡಸ್ತಿಕೆ ಅಂತ ಇಡೀ ಪರಂಪರೆಗೆ ಕೇಳಿದ ಪ್ರಶ್ನೆ ಅದು. ಹಿಂದಿನ ದೇವದಾಸರು ಯಾರೂ ಇಲ್ಲದಿದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. (ಒಂದು ಪಕ್ಕದ ಮಾತು: 1955ರ ಚಂದ್ರಮುಖಿ ವೈಜಯಂತಿಮಾಲಾ ತಮಗೆ ಬಂದ ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ಬೇಡ ಅಂದರು. ನನ್ನದೂ ಪಾರೋ ಪಾತ್ರಕ್ಕೆ ಸಮನಾದ ಪಾತ್ರ ಅನ್ನುವುದು ಅವರ ವಾದವಾಗಿತ್ತು.)

ಕೊನೆ ಬದಲಾದರೆ ಏನೆಲ್ಲ ಬದಲಾಗುತ್ತದೆ ಅನ್ನುವುದಕ್ಕೆ ರೆಮಾರ್ಕ್‌ನ ಯುದ್ಧದ ಕಾದಂಬರಿ ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್ ಇದೆ. ಪುಸ್ತಕದಲ್ಲಿ ಪಾಲ್ ಅನ್ನುವ ಹುಡುಗ 1918ರ ಅಕ್ಟೋಬರಿನ ಒಂದು ದಿನ ಸಾಯುತ್ತಾನೆ. ಹೇಗೆ ಅಂತ ಹೇಳುವುದೇ ಇಲ್ಲ. ಆ ದಿನದ ಸೇನೆಯ ವರದಿಯಲ್ಲಿ ಮಾತ್ರ ವಿಶೇಷವೇನೂ ಇಲ್ಲ ಅಂತ ಬರೆದಿರುತ್ತದೆ. 1930ರ ಚಿತ್ರದಲ್ಲಿ ಪಾಲ್ ಕಂದಕದಿಂದ ಚಿಟ್ಟೆಯೊಂದಕ್ಕೆ ಕೈ ಚಾಚುತ್ತಾನೆ, ಗುಂಡಿನ ಸದ್ದು, ಕೈ ನಿಲ್ಲುತ್ತದೆ. ಆ ಸಾವು ಪುಸ್ತಕದ್ದಲ್ಲ, ಆದರೆ ಪುಸ್ತಕದ ಹಾಗೇ ಅದೂ ಅಬ್ಬರ ಮಾಡುವುದಿಲ್ಲ. 2022ರ ಜರ್ಮನ್ ಚಿತ್ರ ನಾಲ್ಕು ಆಸ್ಕರ್ ಗೆದ್ದಿತು, ಕಂದಕದ ಕೆಸರನ್ನು ಅಷ್ಟು ಹತ್ತಿರದಿಂದ ತೋರಿಸಿದ ಸಿನಿಮಾ ಕಡಿಮೆ. ಆದರೆ ಅದರಲ್ಲಿ ಪಾಲ್ ಸಾಯುವುದು ನವೆಂಬರ್ 11ರಂದು, ಕದನವಿರಾಮಕ್ಕೆ ಕೆಲವೇ ಕ್ಷಣ ಇರುವಾಗ, ಹುಚ್ಚು ಸೇನಾಧಿಕಾರಿಯೊಬ್ಬನ ಕೊನೆಯ ದಾಳಿಯಲ್ಲಿ. ನೋಡುವಾಗ ಹೊಟ್ಟೆ ಕಿವುಚುತ್ತದೆ. ಆದರೆ ಈಗ ಆ ಸಾವಿಗೆ ಒಬ್ಬ ಖಳನಾಯಕ ಸಿಕ್ಕ, ಗಡಿಯಾರ ಸಿಕ್ಕಿತು, ವಿಶೇಷ ಬಂತು. ವಿಶೇಷವೇನೂ ಇಲ್ಲದ ದಿನ ಸತ್ತ ಅನ್ನುವುದೇ ರೆಮಾರ್ಕ್‌ನ ಸಿಟ್ಟಾಗಿತ್ತು. ಪಾಲ್ ರಜೆ ಮೇಲೆ ಮನೆಗೆ ಹೋಗಿ, ಅಲ್ಲಿ ಯಾರ ಜೊತೆಗೂ ಮಾತಾಡಲಾಗದೆ ಒದ್ದಾಡುವ ಭಾಗವನ್ನೂ ಹೊಸ ಚಿತ್ರ ಕೈಬಿಟ್ಟಿದೆ. 1930ರದ್ದರಲ್ಲಿ ಅದು ಇದೆ. ಇಲ್ಲಿ ನಾನು ಹಳೆಯದರ ಪಕ್ಷ, ಮುಚ್ಚುಮರೆ ಏನಿಲ್ಲ.

ಹೊಸದರ ಪಕ್ಷ ವಹಿಸುವುದು ಲಿಟಲ್ ವಿಮೆನ್ ವಿಷಯದಲ್ಲಿ. ಲೂಯಿಸಾ ಮೇ ಆಲ್ಕಾಟ್ 1868-69ರಲ್ಲಿ ಎರಡು ಭಾಗವಾಗಿ ತಂದ, ನಾಲ್ವರು ಅಕ್ಕತಂಗಿಯರ ಕತೆ. 1933, 1949, 1994ರ ಚಿತ್ರಗಳು ಬಾಲ್ಯದಿಂದ ಶುರುವಾಗಿ ಮದುವೆಗಳವರೆಗೆ ಸಾಲಾಗಿ ಸಾಗುತ್ತವೆ. ಗ್ರೆಟಾ ಗರ್ವಿಗ್ 2019ರಲ್ಲಿ ಎರಡೂ ಕಾಲವನ್ನು ಹೆಣೆದುಬಿಟ್ಟರು. ಬಾಲ್ಯಕ್ಕೆ ಬೆಚ್ಚನೆಯ ಬಣ್ಣ, ದೊಡ್ಡವರಾದ ಮೇಲಿನದಕ್ಕೆ ತಣ್ಣನೆಯದು. ತಂಗಿ ಬೆತ್ ಕಾಯಿಲೆ ಬಿದ್ದಿದ್ದಾಗ ಒಂದು ಬೆಳಿಗ್ಗೆ ನಾಯಕಿ ಜೋ ಎದ್ದು ನೋಡಿದರೆ ಹಾಸಿಗೆ ಖಾಲಿ. ಗಾಬರಿಯಿಂದ ಮೆಟ್ಟಿಲಿಳಿದು ಬಂದರೆ ಬೆತ್ ಅಡುಗೆಮನೆಯಲ್ಲಿ ಎದ್ದು ಕೂತಿದ್ದಾಳೆ. ವರ್ಷಗಳಾದ ಮೇಲೆ ಅದೇ ಖಾಲಿ ಹಾಸಿಗೆ, ಅದೇ ಮೆಟ್ಟಿಲು. ಕೆಳಗೆ ಅಮ್ಮ ಒಬ್ಬಳೇ ಇದ್ದಾಳೆ. ಪುಸ್ತಕದಲ್ಲಿ ದೂರ ದೂರ ಇರುವ ಎರಡು ಘಟನೆಯನ್ನು ಅಕ್ಕಪಕ್ಕ ತಂದಿದ್ದರಿಂದಲೇ ಈ ಹೊಡೆತ ಸಾಧ್ಯವಾಗಿದ್ದು.

ಇನ್ನು ಜೋ ಮದುವೆ. ಆಲ್ಕಾಟ್‌ಗೆ ಜೋ ಮದುವೆಯಾಗುವುದೇ ಬೇಡವಾಗಿತ್ತು. ಓದುವ ಹುಡುಗಿಯರು ಯಾರ ಜೊತೆ ಮದುವೆ ಅಂತ ಪತ್ರದ ಮೇಲೆ ಪತ್ರ ಬರೆದು ಪೀಡಿಸಿದರು, ಎಲ್ಲರೂ ಬಯಸಿದ್ದ ಪಕ್ಕದ ಮನೆಯ ಹುಡುಗ ಲಾರಿಗೆ ಆಲ್ಕಾಟ್ ಬೇಕಂತಲೇ ಕೊಡದೆ, ನಡುವಯಸ್ಸಿನ ಒಬ್ಬ ಪ್ರೊಫೆಸರನಿಗೆ ಕಟ್ಟಿದಳು. ಹಳೆಯ ಸಿನಿಮಾಗಳು ಆ ಮದುವೆಯನ್ನು ಪುಸ್ತಕದಲ್ಲಿದ್ದ ಹಾಗೇ ಒಪ್ಪಿಕೊಂಡವು. ಗರ್ವಿಗ್ ಚಿತ್ರದಲ್ಲಿ ಜೋ ತಾನೇ ಬರೆದ ಕಾದಂಬರಿ ಹಿಡಿದು ಪ್ರಕಾಶಕನ ಎದುರು ಕೂತಿದ್ದಾಳೆ. ನಾಯಕಿ ಕೊನೆಗೆ ಮದುವೆಯಾಗಲೇಬೇಕು ಅಂತ ಅವನ ಪಟ್ಟು. ಅವಳು ಒಪ್ಪುತ್ತಾಳೆ, ಆದರೆ ಗೌರವಧನಕ್ಕೆ ಚೌಕಾಸಿ ಮಾಡುತ್ತಾಳೆ, ಕೃತಿಯ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಆಲ್ಕಾಟ್ ಕೂಡ ತನ್ನ ಪುಸ್ತಕದ ಹಕ್ಕು ಬಿಟ್ಟುಕೊಟ್ಟಿರಲಿಲ್ಲ. ಆಮೇಲೆ ಮಳೆಯಲ್ಲಿ ಕೊಡೆ ಕೆಳಗೆ ಮುತ್ತಿಡುವ ದೃಶ್ಯ ಬರುತ್ತದೆ, ಜೊತೆಗೇ ಅಚ್ಚಾಗಿ ಹೊಲಿಗೆಯಾಗುತ್ತಿರುವ ಪುಸ್ತಕವನ್ನು ಜೋ ನಿಂತು ನೋಡುವ ದೃಶ್ಯವೂ ಬರುತ್ತದೆ. ಮದುವೆ ನಡೆದದ್ದು ಜೋಗಾ, ಅವಳು ಬರೆದ ನಾಯಕಿಗಾ ಅಂತ ಸಿನಿಮಾ ಬಾಯಿ ಬಿಡುವುದಿಲ್ಲ. ಪುಸ್ತಕದ ಜೋ ಮದುವೆಯಾಗಿದ್ದಾಳೆ, ಪುಸ್ತಕ ಬರೆದವಳು ಆಗಲಿಲ್ಲ. ಮೂಲ ಕೆಟ್ಟಿದೆ ಅಂತ ಈ ಸಿನಿಮಾ ಬಗ್ಗೆ ದೂರುವವರು ಇವರಿಬ್ಬರಲ್ಲಿ ಯಾರ ಕಡೆಯಿಂದ ದೂರುತ್ತಿದ್ದಾರೆ ಅಂತ ಮೊದಲು ಹೇಳಬೇಕಾಗುತ್ತದೆ.